ಉಣ್ಣುವವನ ಎಲೆಯ ಮೇಲೆ ಸುಂಕವೇ?

ವರಮಾನ ತೆರಿಗೆಯನ್ನು ಬುಡಸಹಿತ ಕಿತ್ತೊಗೆದು, ಅದರ ಸ್ಥಾನದಲ್ಲಿ ಕೊಳ್ಳುವ ಪ್ರತಿಯೊಂದು ವಸ್ತುವಿನ ಮೇಲೂ ದೇಶಕ್ಕೆಲ್ಲ ಒಂದೇ ಬಗೆಯ ಮಾರಾಟ ತೆರಿಗೆಯನ್ನು ವಿಧಿಸಬೇಕೆಂಬ ವಾದವೊಂದು ವಿದ್ಯಾವಂತರ ವಲಯದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಲಿದೆ. ವರಮಾನ ತೆರಿಗೆ ಬೇಡವೆಂದು ಶ್ರೀ ಸುಬ್ರಮಣಿಯನ್ ಸ್ವಾಮಿಯವರಂತಹ ಅರ್ಥಶಾಸ್ತ್ರ ಬಲ್ಲ ರಾಜಕಾರಣಿಗಳು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಪುಣೆಯ ಅರ್ಥಕ್ರಾಂತಿ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಹುಪಾಲು ತೆರಿಗೆಗಳನ್ನು ತೆಗೆದುಹಾಕಿ ಬ್ಯಾಂಕಿನ ವಹಿವಾಟಿನ ಮೇಲೆ ಒಂದೇ ತೆರಿಗೆ ಸಾಕೆಂದಿದ್ದಾರೆ. ಅಮೇರಿಕೆಯಲ್ಲಿಯಂತೂ ಈ ವಾದಕ್ಕೆ ‘ನ್ಯಾಯವಾದ ತೆರಿಗೆ’ ಎಂಬ ಅರ್ಥದ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿ, ಇಂದು ಬೆಂಗಳೂರಿನಲ್ಲಿಯೂ ಸಾಗರದಾಚೆಯಲ್ಲಿಯೂ ಉನ್ನತ ಉದ್ಯೋಗಗಳಲ್ಲಿರುವ ಕೆಲವರು ಈ ವಾದವನ್ನು ಮೆಚ್ಚಿ ನಮಗೆ ಪತ್ರ ಬರೆದಿದ್ದಾರೆ. ಈ ಪತ್ರಿಕೆಯೂ ಅದನ್ನು ಬೆಂಬಲಿಸಬೇಕೆಂದು ಆಗ್ರಹಿಸಿದ್ದಾರೆ. ಅವರ ವಿಷಯದಲ್ಲಿ ನಮಗೆ ಪ್ರೀತಿಯಿದೆ. ಅವರ ವಾದದಲ್ಲಿ ನ್ಯಾಯವಿಲ್ಲ.

ವಾದಿಗಳ ಮಾತನ್ನು ಮೊದಲು ಅವರದೇ ಬಲದಲ್ಲಿ ಮುಂದಿಡುವುದು ಧರ್ಮ. ವರಮಾನ ತೆರಿಗೆಯು ದುಡಿದವನನ್ನು ದಂಡಿಸುತ್ತದೆ, ಉಳಿಸಿದವನನ್ನು ಮತ್ತೊಮ್ಮೆ ದಂಡಿಸುತ್ತದೆ. ಕಾನೂನು ಜಟಿಲವಾಗಿದ್ದು ಲೆಕ್ಕಿಗರ ಹೊಟ್ಟೆ ತುಂಬಿಸುತ್ತದೆ. ಸಂಬಳಗಾರನ ಕೈಗೆ ಹಣ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುವ ಸರಕಾರವು ಲೆಕ್ಕವಿಲ್ಲದ ಹಣವುಳ್ಳವನನ್ನು ಮುಟ್ಟಲಾರದು. ಮಾರಾಟದ ಮೇಲೆ ತೆರಿಗೆ ಹಾಕಿದರಾದರೋ ಕಳ್ಳನೂ ಕೊಳ್ಳಲೇಬೇಕು, ಆದ್ದರಿಂದ ಕೊಡಲೇಬೇಕು—ಇವು ಅವರ ಮುಖ್ಯ ಮಾತುಗಳು. ಇವುಗಳಲ್ಲಿ ಒಂದೆರಡು ಸತ್ಯವೇ. ಸಂಬಳಗಾರನ ದೂರನ್ನು ನಾವು ಮುಂದೆ ಎತ್ತಿಕೊಳ್ಳುತ್ತೇವೆ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಚಿಕಿತ್ಸೆಯನ್ನು ಒಪ್ಪಲಾಗದು.

ಒಬ್ಬರು ತಮ್ಮ ಪತ್ರದಲ್ಲಿ, “ವರಮಾನ ತೆರಿಗೆಯೆಂದರೆ ಕಾಯಕದ ಮೇಲೆಯೇ ತೆರಿಗೆಯಲ್ಲವೇ? ಬಸವಣ್ಣನವರ ಅನುಯಾಯಿಗಳಾದ ನಾವು ಇದನ್ನು ಹೇಗೆ ಒಪ್ಪುವುದು?” ಎಂದು ಕೇಳಿದ್ದಾರೆ. ಈ ಪ್ರಶ್ನೆಯನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದುದರಿಂದ ಉತ್ತರಿಸುವುದು ನಮ್ಮ ಹೊಣೆಯಾಯಿತು. ಬಿಜ್ಜಳನ ಭಂಡಾರದ ಭಾರ ಹೊತ್ತಿದ್ದ ಬಸವಣ್ಣನವರಿಗೆ ರಾಜ್ಯದ ಬೊಕ್ಕಸಕ್ಕೆ ಹಣ ಎಲ್ಲಿಂದ ಬರುತ್ತದೆಂಬುದು ತಿಳಿಯದ ಸಂಗತಿಯಾಗಿರಲಿಲ್ಲ. ಅವರು ಕಾಯಕವನ್ನು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಅದರೊಡನೆ ದಾಸೋಹವನ್ನು ಹೇಳಿದರು. ಕಾಯಕದಿಂದ ಬಂದ ಫಲದಲ್ಲಿ ತನಗೆ ಬೇಕಾದಷ್ಟನ್ನಿರಿಸಿಕೊಂಡು ಮಿಕ್ಕುದನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹ. ಗಳಿಸಿದವನು ಗಳಿಕೆಯಿಂದ ಕೊಡುತ್ತಾನೆ. ಹಸಿದವನು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಪಂಕ್ತಿಯಲ್ಲಿ ಕುಳಿತವನ ಮುಂದೆ ನಿಂತು, “ನೀನು ಎಷ್ಟು ತುತ್ತು ಉಂಡೆ? ತುತ್ತಿಗಿಷ್ಟು ಇಡು” ಎಂದು ಕೇಳುವ ದಾಸೋಹವನ್ನು ಯಾರಾದರೂ ಕಂಡಿದ್ದಾರೆಯೇ? ವರಮಾನ ತೆರಿಗೆಯು ದಾಸೋಹವೆಂದು ನಾವು ಹೇಳುತ್ತಿಲ್ಲ. ದಾಸೋಹ ಮನಸ್ಸಿನಿಂದ ಬರುತ್ತದೆ, ತೆರಿಗೆ ನೋಟೀಸಿನಿಂದ ಬರುತ್ತದೆ. ಆದರೆ ಎರಡಕ್ಕೂ ಅಳತೆಗೋಲು ಒಂದೇ: ಯಾರಲ್ಲಿ ಹೆಚ್ಚಿದೆಯೋ ಅವನು ಹೆಚ್ಚು ಕೊಡಬೇಕು. ಮಾರಾಟ ತೆರಿಗೆಗೆ ಈ ಅಳತೆಗೋಲು ಗೊತ್ತೇ ಇಲ್ಲ.

ಹೇಗೆಂದು ಸಣ್ಣ ಲೆಕ್ಕದಿಂದ ನೋಡೋಣ. ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ 20 ರೂಪಾಯಿ ತೆರಿಗೆಯೆಂದು ಇಟ್ಟುಕೊಳ್ಳಿರಿ. ತಿಂಗಳಿಗೆ 15,000 ರೂಪಾಯಿ ದುಡಿಯುವ ಖಾನಾವಳಿಯ ಅಡಿಗೆಯವನು ಅಷ್ಟನ್ನೂ ಅಕ್ಕಿ, ಎಣ್ಣೆ, ಮನೆಬಾಡಿಗೆ, ಮಗುವಿನ ಔಷಧಿಗಳಿಗೆ ಖರ್ಚು ಮಾಡಿಯೇ ತೀರುತ್ತಾನೆ. ಅವನು ತೆರುವುದು 3,000 ರೂಪಾಯಿ, ಎಂದರೆ ದುಡಿಮೆಯ ಐದನೆಯ ಒಂದು ಪಾಲು. ತಿಂಗಳಿಗೆ 5 ಲಕ್ಷ ಬರುವ ಅಧಿಕಾರಿಯು ಒಂದೂವರೆ ಲಕ್ಷವನ್ನು ಖರ್ಚು ಮಾಡಿ 30,000 ರೂಪಾಯಿ ತೆರುತ್ತಾನೆ. ಅದು ಅವನ ವರಮಾನದ ನೂರರಲ್ಲಿ ಆರು ಪಾಲು. ತಿಂಗಳಿಗೆ 50 ಲಕ್ಷ ಬರುವ ಉದ್ಯಮಿಯು 5 ಲಕ್ಷವನ್ನು ಖರ್ಚು ಮಾಡಿದನೆಂದರೆ ತೆರುವುದು 1 ಲಕ್ಷ. ನೂರರಲ್ಲಿ ಎರಡು ಪಾಲು ಮಾತ್ರ. ಅಡಿಗೆಯವನಿಗೆ ಇಪ್ಪತ್ತು, ಅಧಿಕಾರಿಗೆ ಆರು, ಉದ್ಯಮಿಗೆ ಎರಡು! ಒಂದೇ ದರ, ಎಲ್ಲರಿಗೂ ಸಮಾನ ಎಂದು ಹೇಳುವ ತೆರಿಗೆಯ ಸಮಾನತೆ ಇಂತಹುದು. ಇಂದಿನ ಸರಕು ಮತ್ತು ಸೇವಾ ತೆರಿಗೆಯಲ್ಲಿ ಬಿಡಿ ಅಕ್ಕಿಗೆ, ಹಾಲಿಗೆ, ತರಕಾರಿಗೆ, ವಾಸದ ಮನೆಯ ಬಾಡಿಗೆಗೆ ವಿನಾಯಿತಿಯಿದೆಯಲ್ಲ ಎಂದು ಕೇಳಬಹುದು. ಇದೆ. ವರಮಾನ ತೆರಿಗೆ ಇರುವವರೆಗೆ ಮಾತ್ರ ಅಂತಹ ವಿನಾಯಿತಿಗೆ ಎಡೆಯಿದೆ. ಸಕಲ ಭಾರವನ್ನೂ ಮಾರಾಟದ ಮೇಲೆಯೇ ಹೊರಿಸಿದ ದಿನ ಅಕ್ಕಿಯನ್ನೂ ಹಾಲನ್ನೂ ಬಿಡಲು ಬೊಕ್ಕಸಕ್ಕೆ ಸಾಧ್ಯವಾಗದು.

ಉದ್ಯಮಿಯು ಉಳಿಸಿದ ಹಣವನ್ನೂ ಎಂದಾದರೊಂದು ದಿನ ಖರ್ಚು ಮಾಡಲೇಬೇಕಲ್ಲ, ಆಗ ತೆರಿಗೆ ಬರುತ್ತದೆ ಎಂಬ ಸಮಾಧಾನವನ್ನು ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಓದಿದ್ದೇವೆ. ಆ ಒಂದು ದಿನ ಯಾವಾಗ ಬರುತ್ತದೆ? ಉಳಿದ ಹಣವು ಷೇರುಗಳಾಗಿ, ಜಮೀನಾಗಿ, ನಗರದ ಹೊರವಲಯದ ನಿವೇಶನಗಳಾಗಿ ಬೆಳೆದು ಮಗನಿಗೆ ಹೋಗುತ್ತದೆ, ಮಗನಿಂದ ಮೊಮ್ಮಗನಿಗೆ ಹೋಗುತ್ತದೆ. 1953ರಲ್ಲಿ ಬಂದ ಮರಣ ಸುಂಕವನ್ನು 1985ರಲ್ಲಿ ರದ್ದುಮಾಡಲಾಯಿತು. 1957ರ ಸಂಪತ್ತಿನ ತೆರಿಗೆಯನ್ನು 2015ರ ಮುಂಗಡ ಪತ್ರದಲ್ಲಿ ಕೈಬಿಡಲಾಯಿತು. ಸಂಗ್ರಹದ ಖರ್ಚೇ ಉತ್ಪನ್ನವನ್ನು ನುಂಗುತ್ತಿದೆಯೆಂದು ಎರಡು ಸಲವೂ ಹೇಳಿದರು. ಈಗ ಉಳಿದಿರುವುದು ವರಮಾನ ತೆರಿಗೆಯೊಂದೇ. ಅದೂ ಹೋದರೆ ಸಿರಿವಂತಿಕೆಯು ತಲೆಮಾರಿನಿಂದ ತಲೆಮಾರಿಗೆ ಬಹುಪಾಲು ನಿರಾತಂಕವಾಗಿ ಸಾಗಿಹೋಗುತ್ತದೆ. ಬಡತನವಾದರೋ ಪ್ರತಿದಿನ ಅಂಗಡಿಯ ಕಟ್ಟೆಯ ಬಳಿ ತೆರಿಗೆ ತೆರುತ್ತಲಿರುತ್ತದೆ.

ನಿತ್ಯದ ಅನ್ನದ ಮೇಲೆ ಹಾಕಿದ ತೆರಿಗೆಯ ರುಚಿ ಈ ದೇಶಕ್ಕೆ ಹೊಸದಲ್ಲ. ಮಹಾತ್ಮಾ ಗಾಂಧೀಜಿಯವರು 1930ರಲ್ಲಿ ಸ್ವರಾಜ್ಯದ ಹೋರಾಟಕ್ಕೆ ಒಂದು ಹಿಡಿ ಉಪ್ಪನ್ನು ಏಕೆ ಆರಿಸಿಕೊಂಡರು? ಭೂಕಂದಾಯವಿತ್ತು, ಹೆಂಡದ ಸುಂಕವಿತ್ತು, ಪರದೇಶದ ಬಟ್ಟೆಯಿತ್ತು. ಅವೆಲ್ಲವನ್ನೂ ಅವರು ಎತ್ತಿಯೂ ಇದ್ದರು. ಆದರೂ ಉಪ್ಪಿಗೇ ಕೈಯಿಟ್ಟರು. ಏಕೆಂದರೆ ಉಪ್ಪನ್ನು ಬಡವನೂ ಸಿರಿವಂತನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುತ್ತಾರೆ, ಬಿಸಿಲಿನಲ್ಲಿ ಬೆವರುವ ಕೂಲಿಯವನು ತುಸು ಹೆಚ್ಚೇ ತಿನ್ನುತ್ತಾನೆ. ಆ ವರ್ಷ ಮಾರ್ಚ್ 2ರಂದು ವೈಸರಾಯ್ ಅರ್ವಿನ್ನರಿಗೆ ಬರೆದ ಪತ್ರದಲ್ಲಿ ಗಾಂಧೀಜಿಯವರು ವೈಸರಾಯರ ಸಂಬಳ ತಿಂಗಳಿಗೆ 21,000 ರೂಪಾಯಿಯೆಂಬುದನ್ನೂ ಭಾರತೀಯನ ಸರಾಸರಿ ವರಮಾನ ದಿನಕ್ಕೆ ಎರಡಾಣೆಗಿಂತ ಕಡಿಮೆಯೆಂಬುದನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಆ ಇಬ್ಬರೂ ಒಂದು ಸೇರು ಉಪ್ಪಿಗೆ ತೆರುತ್ತಿದ್ದ ಸುಂಕ ಒಂದೇ. ಏಪ್ರಿಲ್ 6ರಂದು ದಂಡಿಯಲ್ಲಿ, ವಾರ ಕಳೆಯುವಷ್ಟರಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನರು ಮುರಿದದ್ದು ಆ ಸುಂಕದ ಕಟ್ಟನ್ನು. ಉಪ್ಪಿನ ತೆರಿಗೆಯು 1947ರ ಮುಂಗಡ ಪತ್ರದಲ್ಲಿ ಹೋಯಿತು. ಅಂಕೋಲೆಯ ಮರಳಿನಲ್ಲಿ ನಮ್ಮ ಹಿರಿಯರು ಮುರಿದುದನ್ನು ಇಂದು ಗಣಕಯಂತ್ರದ ಮುಂದೆ ಕುಳಿತ ಮೊಮ್ಮಕ್ಕಳು ಎಲ್ಲ ಪದಾರ್ಥಗಳಿಗೂ ವಿಸ್ತರಿಸಿ ಮರಳಿ ಕಟ್ಟಹೊರಟಿರುವುದು ಕಾಲದ ವಿಚಿತ್ರ.

ವರಮಾನ ತೆರಿಗೆಯು ಆಂಗ್ಲರು ಹೊರಿಸಿಹೋದ ದಾಸ್ಯದ ಕುರುಹೆಂದು ಹೇಳುವವರೂ ಉಂಟು. 1857ರ ದಂಗೆಯ ತರುವಾಯದ ಸಾಲವನ್ನು ತೀರಿಸಲು 1860ರಲ್ಲಿ ಜೇಮ್ಸ್ ವಿಲ್ಸನ್ನನು ಅದನ್ನು ತಂದುದು ನಿಜ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ವರಮಾನವುಳ್ಳವರನ್ನು ಅಂದೂ ಬಿಟ್ಟಿದ್ದರು. ವಿರೋಧವೆದ್ದಿತು, ಮದರಾಸಿನ ಗವರ್ನರ್ ಟ್ರೆವೆಲಿಯನ್ನನೇ ಬಹಿರಂಗವಾಗಿ ವಿರೋಧಿಸಿ ಪದವಿ ಕಳೆದುಕೊಂಡನು. ಐದು ವರ್ಷಕ್ಕೆ ಅದು ನಿಂತಿತು, ಮತ್ತೆ ಬಂದಿತು, ಮತ್ತೆ ನಿಂತಿತು. 1886ರ ಕಾಯಿದೆಯಿಂದ ನೆಲೆಗೊಂಡಿತು. ಆ ಅವಧಿಯುದ್ದಕ್ಕೂ ಉಪ್ಪಿನ ತೆರಿಗೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲವೆಂಬುದನ್ನು ಗಮನಿಸಬೇಕು. ಸಿರಿವಂತರ ತೆರಿಗೆಗೆ ದನಿಯುಳ್ಳ ವಿರೋಧಿಗಳಿರುತ್ತಾರೆ, ಬಡವರ ತೆರಿಗೆಗೆ ಇರುವುದಿಲ್ಲ.

ಅಷ್ಟಕ್ಕೂ ವರಮಾನದಲ್ಲಿ ಪಾಲು ಕೊಡುವುದು ಈ ನೆಲಕ್ಕೆ ಹೊರಗಿನದೇನೂ ಅಲ್ಲ. ಬೆಳೆದ ಬೆಳೆಯಲ್ಲಿ ಆರನೆಯ ಒಂದು ಪಾಲನ್ನು ರಾಜನಿಗೆ ಸಲ್ಲಿಸುವ ಷಡ್ಭಾಗವೆಂದರೆ ಮತ್ತೇನು? ಬೆಳೆ ಬಂದರೆ ಪಾಲು, ಬಾರದಿದ್ದರೆ ಪಾಲಿಲ್ಲ. ಅದು ಉತ್ಪತ್ತಿಯ ಮೇಲಿನ ತೆರಿಗೆ. ಅದರ ಜೊತೆಗೇ ಕೋಟೆಯ ಬಾಗಿಲಲ್ಲಿ ಸರಕಿಗೆ ಸುಂಕವೂ ಇತ್ತು. ನಮ್ಮ ಕನ್ನಡ ಶಾಸನಗಳು ಪೆರ್ಜುಂಕವೆಂದು ದೊಡ್ಡ ಸುಂಕವನ್ನು ಹೆಸರಿಸುತ್ತವೆ. ಸಣ್ಣಪುಟ್ಟ ಸುಂಕಗಳನ್ನೆಲ್ಲ ಒಟ್ಟುಗೂಡಿಸಿ ‘ಕಿರುಕುಳ’ ಎನ್ನುತ್ತವೆ. ಆ ಮಾತು ಇಂದು ಯಾವ ಅರ್ಥದಲ್ಲಿ ಬಳಕೆಯಲ್ಲಿದೆಯೆಂಬುದನ್ನು ಹೇಳಬೇಕಾಗಿಲ್ಲ. ಸಂತೆಗೆ ಹೊರಟ ಬಡವನ ಅನುಭವವನ್ನು ಭಾಷೆ ಮರೆಯುವುದಿಲ್ಲ. ಇತ್ತೀಚಿನ ತಲೆಮಾರಿನವರಿಗೂ ಊರಬಾಗಿಲ ಜಕಾತಿ ಕಟ್ಟೆಗಳ ನೆನಪಿರಬಹುದು. ಕರ್ನಾಟಕದಲ್ಲಿ ಜಕಾತಿಯು 1979ರಲ್ಲಿ ಹೋಯಿತು, ಹೋದಾಗ ಯಾರೂ ಅತ್ತದ್ದು ಕಾಣಲಿಲ್ಲ.

ಇನ್ನು ಅಮೇರಿಕೆಯ ಮಾತು. ನಮ್ಮ ಪತ್ರಲೇಖಕರಿಗೆಲ್ಲ ಆದರ್ಶವಾಗಿರುವುದು ಅದೇ. ಜಾರ್ಜಿಯಾದ ಜಾನ್ ಲಿಂಡರ್ ಎಂಬ ಪ್ರತಿನಿಧಿಯು 1999ರಲ್ಲಿ ಮೊದಲು ಮಂಡಿಸಿದ ಮಸೂದೆಯು ಆ ದೇಶದ ಸಂಯುಕ್ತ ಸರಕಾರದ ವರಮಾನ ತೆರಿಗೆ, ಕಂಪನಿ ತೆರಿಗೆ, ಸಂಬಳದ ಮೇಲಿನ ತೆರಿಗೆ ಎಲ್ಲವನ್ನೂ ತೆಗೆದು ಒಂದು ರಾಷ್ಟ್ರೀಯ ಮಾರಾಟ ತೆರಿಗೆಯನ್ನು ತರಬೇಕೆನ್ನುತ್ತದೆ. ದರ ನೂರಕ್ಕೆ 23 ಎಂದು ಸಾರುತ್ತಾರೆ. ಈ 23ರ ಒಳಗುಟ್ಟನ್ನು ತಿಳಿಯಬೇಕು. ಅಂಗಡಿಯವನು 100 ಡಾಲರ್ ಬೆಲೆ ಹೇಳಿದ ವಸ್ತುವಿಗೆ 30 ಡಾಲರ್ ತೆರಿಗೆ ಸೇರಿ 130 ಆಗುತ್ತದೆ. ಆ 130ರಲ್ಲಿ 30 ಎಂದರೆ ನೂರಕ್ಕೆ 23 ಎಂದು ಲೆಕ್ಕ ತೋರಿಸುತ್ತಾರೆ. ನಮ್ಮಲ್ಲಿ ನೂರಕ್ಕೆ 18 ಎಂದರೆ 100 ರೂಪಾಯಿಯ ವಸ್ತುವಿಗೆ 118 ಕೊಡುವುದೆಂದೇ ಎಲ್ಲರೂ ತಿಳಿಯುತ್ತೇವೆ. ಆ ರೀತಿಯಲ್ಲಿ ಹೇಳುವುದಾದರೆ ಅದು 23 ಅಲ್ಲ, 30. ಮೊದಲ ಅಂಕಿಯಲ್ಲಿಯೇ ಇಷ್ಟು ಜಾಣತನ ಬೇಕಾಗುವ ತೆರಿಗೆಗೆ ‘ನ್ಯಾಯ’ದ ಹೆಸರು! ಅಧ್ಯಕ್ಷ ಬುಷ್‌ರು ನೇಮಿಸಿದ್ದ ಸಲಹಾ ಮಂಡಲಿಯು 2005ರಲ್ಲಿ ಈ ಬಗೆಯ ತೆರಿಗೆಯನ್ನು ಪರಿಶೀಲಿಸಿ, ತಪ್ಪಿಸಿಕೊಳ್ಳುವವರು ಕಡಿಮೆಯಿದ್ದರೂ ದರವು ನೂರಕ್ಕೆ 34 ಆಗಬೇಕಾದೀತೆಂದಿತು, ಮಧ್ಯಮ ವರ್ಗದ ಹೊರೆ ಹೆಚ್ಚುವುದೆಂದಿತು, ಶಿಫಾರಸು ಮಾಡಲು ನಿರಾಕರಿಸಿತು. 2023ರ ಜನವರಿಯಲ್ಲಿ ಮಸೂದೆ ಮತ್ತೆ ಬಂದಾಗ ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಮತಕ್ಕೆ ಹಾಕುವ ಮಾತು ಬಹಳ ಕೇಳಿಬಂದು ಅಡಗಿತು. ಅದೇ ದೇಶದ ಕ್ಯಾನ್ಸಾಸ್ ರಾಜ್ಯವು 2012ರಲ್ಲಿ ವರಮಾನ ತೆರಿಗೆಯನ್ನು ಭಾರಿಯಾಗಿ ಇಳಿಸಿ, ಬೊಕ್ಕಸ ಬರಿದಾದಾಗ 2015ರಲ್ಲಿ ಮಾರಾಟ ತೆರಿಗೆಯನ್ನು ಏರಿಸಿತು—ಆಹಾರ ಪದಾರ್ಥದ ಮೇಲೆಯೂ. 2017ರಲ್ಲಿ ಆಳುವ ಪಕ್ಷದ ಶಾಸಕರೇ ಅನೇಕರು ಸೇರಿ, ತಮ್ಮ ರಾಜ್ಯಪಾಲರ ನಿರಾಕರಣವನ್ನು ಮೀರಿ, ಆ ಇಳಿತವನ್ನು ಹಿಂತೆಗೆದುಕೊಂಡರು. ಅಮೇರಿಕೆಯಿಂದ ಕಲಿಯಬೇಕೆಂಬ ಮಿತ್ರರು ಇದನ್ನೂ ಕಲಿಯಲಿ.

ನಮ್ಮ ದೇಶಕ್ಕೆ ಬರೋಣ. 2024-25ರಲ್ಲಿ ನೇರ ತೆರಿಗೆಗಳಿಂದ, ಮರುಪಾವತಿ ಕಳೆದು, ಸರಕಾರಕ್ಕೆ ಬಂದುದು ಸುಮಾರು 22 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಕ್ತಿಗಳ ವರಮಾನ ತೆರಿಗೆ, ಉಳಿದದ್ದು ಬಹುಪಾಲು ಕಂಪನಿಗಳದು. ಅದೇ ವರ್ಷ ಸರಕು ಮತ್ತು ಸೇವಾ ತೆರಿಗೆಯ ಒಟ್ಟು ಸಂಗ್ರಹ, ಕೇಂದ್ರ ಮತ್ತು ರಾಜ್ಯಗಳೆರಡರದೂ ಸೇರಿ, ಅದೂ ಸುಮಾರು 22 ಲಕ್ಷ ಕೋಟಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೇರೆ ವಾದವೇ ಬೇಕಿಲ್ಲ. ನೇರ ತೆರಿಗೆಯನ್ನು ಪೂರ್ತಿ ತೆಗೆಯಬೇಕಾದರೆ ಮಾರಾಟದ ತೆರಿಗೆ ಇಮ್ಮಡಿಯಾಗಬೇಕು: 5 ಇದ್ದುದು 10, 18 ಇದ್ದುದು 36. ವ್ಯಕ್ತಿಗಳ ವರಮಾನ ತೆರಿಗೆಯನ್ನಷ್ಟೇ ತೆಗೆಯುತ್ತೇವೆಂದರೂ ಎಲ್ಲ ದರಗಳೂ ಅರ್ಧಕ್ಕಿಂತ ಹೆಚ್ಚು ಏರಬೇಕು. ಅಷ್ಟು ಏರಿದಾಗ ಜನ ಕೊಳ್ಳುವುದು ಕಡಿಮೆಯಾಗುತ್ತದೆ, ಚೀಟಿಯಿಲ್ಲದ ವ್ಯಾಪಾರ ಹೆಚ್ಚುತ್ತದೆ. ಆಗ ಇಮ್ಮಡಿಯೂ ಸಾಲದು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು 12 ಮತ್ತು 28ರ ದರಗಳನ್ನು ತೆಗೆದು ಬಹುಪಾಲು ವಸ್ತುಗಳನ್ನು 5 ಮತ್ತು 18ಕ್ಕೆ ತಂದಾಗ ಊರೂರಿನ ಅಂಗಡಿಗಳಲ್ಲಿ ಬೆಲೆ ಇಳಿಯಿತೆಂದು ಫಲಕ ಹಾಕಿದರು, ಜನ ಸಂತೋಷಪಟ್ಟರು. ಆ ಸಂತೋಷಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿರೆಂದು ಹೇಳುವುದೇ ಈ ಪ್ರಸ್ತಾಪದ ಸಾರ.

ಬಡವರಿಗೆ ತೊಂದರೆಯಾಗದಂತೆ ಪ್ರತಿ ಕುಟುಂಬಕ್ಕೂ ತಿಂಗಳಿಗಿಷ್ಟು ಹಣವನ್ನು ಮುಂಗಡವಾಗಿ ಹಿಂದಿರುಗಿಸಿಬಿಡೋಣ ಎಂಬ ಪರಿಹಾರವನ್ನು ಅಮೇರಿಕೆಯ ಮಸೂದೆ ಹೇಳುತ್ತದೆ. ಮೊದಲು ಬಡವನ ಜೇಬಿನಿಂದ ತೆಗೆದು, ಆಮೇಲೆ ಅದನ್ನು ಅವನಿಗೆ ಕೊಡುವುದಕ್ಕಾಗಿ ಒಂದು ಇಲಾಖೆಯನ್ನು ನಿರ್ಮಿಸುವ ಈ ಉಪಾಯದ ಸಣ್ಣ ಮಾದರಿಯೊಂದು ಮಠಮಂದಿರಗಳಿಗೆ ಪರಿಚಿತವಿದೆ. ಉಚಿತ ಅನ್ನದಾನ ಮಾಡುವ ಸಂಸ್ಥೆಗಳು ಕೊಂಡ ತುಪ್ಪ, ಎಣ್ಣೆ, ಸಕ್ಕರೆ, ಬೇಳೆ, ಹಿಟ್ಟುಗಳ ಮೇಲಿನ ತೆರಿಗೆಯಲ್ಲಿ ಕೇಂದ್ರದ ಪಾಲನ್ನು ಮರಳಿಸಲು 2018ರಲ್ಲಿ ಕೇಂದ್ರ ಸರಕಾರವು ಸೇವಾ ಭೋಜ ಯೋಜನೆಯನ್ನು ತಂದಿತು. ತಿಂಗಳಿಗೆ ಕನಿಷ್ಠ 5,000 ಜನಕ್ಕೆ ಅನ್ನವಿಕ್ಕುವ ಸಂಸ್ಥೆಗೆ ಮಾತ್ರ ಅದು ಅನ್ವಯ. ನೋಂದಣಿ ಬೇಕು, ರಸೀದಿ ಬೇಕು, ಅರ್ಜಿ ಬೇಕು. ಗುಮಾಸ್ತರುಳ್ಳ ದೊಡ್ಡ ಮಠವು ಇದನ್ನು ನಿಭಾಯಿಸೀತು. ದಿನಕ್ಕೆ ನೂರು ಮಕ್ಕಳಿಗೆ ರೊಟ್ಟಿ ಹಾಕುವ ಹಳ್ಳಿಯ ಸಣ್ಣ ಮಠಕ್ಕೆ ಯೋಜನೆಯೇ ಅನ್ವಯಿಸದು. ಅದು ತೆರಿಗೆಯನ್ನು ತೆತ್ತು ಸುಮ್ಮನಿರುತ್ತದೆ. ಸಂಸ್ಥೆಗಳ ಗತಿಯೇ ಇದಾದರೆ, ದಾಖಲೆಯ ಬಲವಿಲ್ಲದ ಕೋಟ್ಯಂತರ ಕುಟುಂಬಗಳ ಗತಿಯೇನು?

ಮತ್ತೊಂದು ತೊಡಕೂ ಇದೆ, ಅದನ್ನು ಯಾರೂ ಎತ್ತಿದಂತೆ ಕಾಣೆವು. ಯಾರು ಬಡವರು, ಯಾರು ಅಲ್ಲ ಎಂಬುದನ್ನು ಸರಕಾರ ತಿಳಿಯುವುದು ಹೇಗೆ? ನಮ್ಮ ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ 2,000 ರೂಪಾಯಿ ಕೊಡುವಾಗ, ಆಕೆಯಾಗಲಿ ಆಕೆಯ ಪತಿಯಾಗಲಿ ವರಮಾನ ತೆರಿಗೆ ಪಾವತಿಸುವವರಾಗಿದ್ದರೆ ಕೊಡುವುದಿಲ್ಲವೆಂದು ನಿಯಮ ಮಾಡಿದರು. ಇರುವವನನ್ನೂ ಇಲ್ಲದವನನ್ನೂ ಬೇರ್ಪಡಿಸಲು ಕೈಗೆ ಸಿಕ್ಕ ದಾಖಲೆ ಅದೇ. ವರಮಾನ ತೆರಿಗೆ ಎಂದರೆ ಹಣವಷ್ಟೇ ಅಲ್ಲ, ಯಾರ ಮನೆಗೆ ಎಷ್ಟು ಬರುತ್ತದೆಂಬ ರಾಷ್ಟ್ರದ ಲೆಕ್ಕಪುಸ್ತಕ. ಅಪೂರ್ಣವಾದ ಪುಸ್ತಕ, ಒಪ್ಪಿದೆವು. ಅದನ್ನು ಸುಟ್ಟುಹಾಕಿದರೆ ಲಂಚದ ಹಣವನ್ನು ಎದುರಿಗಿಟ್ಟು, “ಇದು ನಿನಗೆ ಎಲ್ಲಿಂದ ಬಂತು?” ಎಂದು ಕೇಳುವ ಆಧಾರವೊಂದು ಕಳಚಿಹೋಗುತ್ತದೆ. ಕಪ್ಪುಹಣವನ್ನು ನಿರ್ಮೂಲ ಮಾಡುವ ಮಾತು ದೂರ ಉಳಿದು, ಆ ಹಣಕ್ಕೆ ಕಪ್ಪೆಂಬ ಹೆಸರೇ ಇಲ್ಲವಾಗುತ್ತದೆ.

ತೆರಿಗೆ ಅಧಿಕಾರಿಯ ಕಾಟ ತಪ್ಪುತ್ತದೆಂಬ ಆಸೆಯಂತೂ ಬರಿಯ ಭ್ರಮೆ. ಕಾಟ ತಪ್ಪುವುದಿಲ್ಲ, ವಿಳಾಸ ಬದಲಾಗುತ್ತದೆ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ನಡೆದುದನ್ನು ನೆನೆಯಿರಿ. ಯು.ಪಿ.ಐ. ಮೂಲಕ ಸಂದಾಯವಾದ ಹಣದ ಲೆಕ್ಕವನ್ನು ಹಿಡಿದು, 2021-22ರಿಂದ ಮೊದಲುಗೊಂಡು ನಾಲ್ಕು ವರ್ಷಗಳ ವಹಿವಾಟಿಗೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸುಗಳು ಹೋದವು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಾರ್ಷಿಕ ವಹಿವಾಟು ಮೀರಿದರೆ ನೋಂದಣಿ ಬೇಕೆಂಬುದು ಕಾನೂನು. ಬೇಕರಿಯವರು, ಚಹದಂಗಡಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ಕೊನೆಗೆ ತೆರಿಗೆಯೇ ಇಲ್ಲದ ತರಕಾರಿ ಮಾರುವವರೂ ಲಕ್ಷಗಟ್ಟಲೆ ಬಾಕಿಯ ಕಾಗದ ಹಿಡಿದು ಕಂಗೆಟ್ಟರು. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಫಲಕಗಳು ಎದ್ದವು. ಹಾಲು, ತರಕಾರಿಗಳಂತಹ ವಿನಾಯಿತಿಯ ಸರಕಿನವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ನೂರು ರೂಪಾಯಿಯ ವ್ಯಾಪಾರದಲ್ಲಿ ಹತ್ತು ರೂಪಾಯಿ ಲಾಭ ಕಾಣುವ ಅಂಗಡಿಯವನಿಗೆ ವರಮಾನ ತೆರಿಗೆಯು ಆ ಹತ್ತನ್ನು ನೋಡಿ ಲೆಕ್ಕ ಕೇಳುತ್ತದೆ. ಮಾರಾಟ ತೆರಿಗೆಯು ನೂರನ್ನು ನೋಡಿ ಕೇಳುತ್ತದೆ. ಇದೇ ತೆರಿಗೆಯ ದರ ಇಮ್ಮಡಿಯಾದರೆ ಆ ನೋಟೀಸುಗಳಲ್ಲಿನ ಮೊತ್ತವೂ ಇಮ್ಮಡಿಯಾಗುತ್ತದೆ. ನಮ್ಮ ಭಕ್ತರಲ್ಲಿ ಪೇಟೆಯ ವರ್ತಕರು ಬಹುಸಂಖ್ಯಾತರು; ಸಂಬಳಗಾರ ಬಂಧುವಿನ ತಲೆನೋವು ತಮ್ಮ ತಲೆಗೆ ವರ್ಗವಾಗುವುದನ್ನು ಅವರು ಒಪ್ಪುವರೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತಾಯಿತು.

ತಪ್ಪಿಸಿಕೊಳ್ಳುವ ಜಾಣತನವೂ ಮಾರಾಟ ತೆರಿಗೆಯಲ್ಲಿ ಕಡಿಮೆಯಿಲ್ಲ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಗುರುತುಚೀಟಿಯುಳ್ಳ ಅಕ್ಕಿಯ ಚೀಲಕ್ಕೆ ನೂರಕ್ಕೆ 5ರ ತೆರಿಗೆ ಬಂದಿತು. ಕೆಲವೇ ದಿನಗಳಲ್ಲಿ 26 ಕಿಲೋ ಚೀಲ ಮಾರುಕಟ್ಟೆಗೆ ಬಂದಿತು! ಒಂದು ಚೀಲವನ್ನು ಒಟ್ಟಿಗೆ ಕೊಳ್ಳಬಲ್ಲವನಿಗೆ ತೆರಿಗೆಯಿಲ್ಲ, ಐದು ಕಿಲೋ ಪೊಟ್ಟಣ ಕೊಳ್ಳುವವನಿಗೆ ತೆರಿಗೆ. ಅಕ್ಕಿಯಂತಹ ಸರಳ ವಸ್ತುವಿನಲ್ಲಿಯೇ ಹೀಗಾದರೆ ‘ಸರಳ ತೆರಿಗೆ’ಯೆಂಬ ಮಾತಿಗೆ ಅರ್ಥವೆಲ್ಲಿ?

ಕೊಲ್ಲಿಯ ದೇಶಗಳಲ್ಲಿ ವ್ಯಕ್ತಿಗೆ ವರಮಾನ ತೆರಿಗೆಯಿಲ್ಲದೆ ರಾಜ್ಯ ನಡೆಯುತ್ತದಲ್ಲ ಎಂದು ಅಲ್ಲಿ ದುಡಿಯುವ ನಮ್ಮವರು ಕೇಳುತ್ತಾರೆ. ಅಲ್ಲಿ ನಡೆಸಿದ್ದು ನೆಲದಡಿಯ ಎಣ್ಣೆ, ತೆರಿಗೆಯ ಜಾಣತನವಲ್ಲ. ಸೌದಿ ಅರೇಬಿಯವು 2018ರಲ್ಲಿ ನೂರಕ್ಕೆ 5ರಂತೆ ತಂದ ಮೌಲ್ಯವರ್ಧಿತ ತೆರಿಗೆಯನ್ನು 2020ರಲ್ಲಿ ಒಮ್ಮೆಲೇ 15ಕ್ಕೆ ಏರಿಸಿತು. ಓಮನ್ ದೇಶವು 2028ರಿಂದ ದೊಡ್ಡ ವರಮಾನಗಳ ಮೇಲೆ ನೂರಕ್ಕೆ 5ರ ವರಮಾನ ತೆರಿಗೆಯನ್ನು ವಿಧಿಸಲು 2025ರಲ್ಲಿ ರಾಜಾಜ್ಞೆ ಹೊರಡಿಸಿದೆ. ಎಣ್ಣೆಯ ಮೇಲೆ ಕುಳಿತವರು ಹತ್ತುತ್ತಿರುವ ಮೆಟ್ಟಿಲನ್ನು ನಾವು ಇಳಿಯಬೇಕೆ?

ಸಂಬಳಗಾರನ ದೂರಿಗೆ ಈಗ ಬರೋಣ. ಅದರಲ್ಲಿ ಹುರುಳಿದೆ. 1973-74ರ ಸುಮಾರಿಗೆ ಅತ್ಯುನ್ನತ ದರವು ಮೇಲ್ತೆರಿಗೆ ಸೇರಿ ನೂರಕ್ಕೆ 97.75 ಇದ್ದ ಕಾಲವಿತ್ತು. ಅದು ನ್ಯಾಯವಲ್ಲ, ಮೌಢ್ಯ. ಜನರನ್ನು ಸುಳ್ಳು ಲೆಕ್ಕಕ್ಕೆ ತಳ್ಳಿದ ಪಾಪದಲ್ಲಿ ಅಂತಹ ಕಾನೂನಿಗೂ ಪಾಲಿದೆ. ಆದರೆ ಅದು ಎಂದೋ ಹೋಯಿತು. 2025ರ ಮುಂಗಡ ಪತ್ರದ ಪ್ರಕಾರ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ವರಮಾನವುಳ್ಳವನು ತೆರಿಗೆಯನ್ನೇ ಕೊಡಬೇಕಾಗಿಲ್ಲ. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಹೊಸ ಅಧಿನಿಯಮದಲ್ಲಿ 1961ರ ಕಾಯಿದೆಯ ಎಂಟುನೂರಕ್ಕೂ ಮಿಕ್ಕಿದ್ದ ಕಲಮುಗಳು 536ಕ್ಕೆ ಇಳಿದಿವೆ. ಹೀಗಿರುವಾಗ ವರಮಾನ ತೆರಿಗೆ ಹೋದರೆ ಲಾಭ ಯಾರಿಗೆ? 12 ಲಕ್ಷಕ್ಕಿಂತ ಮೇಲಿನವರಿಗೆ ಮಾತ್ರ. ಅದನ್ನು ತುಂಬಿಕೊಡುವವರು ಯಾರು? ಈಗ ಏನೂ ಕೊಡಬೇಕಾಗಿಲ್ಲದ ಶಾಲಾ ಶಿಕ್ಷಕ, ಬಸ್ ನಿರ್ವಾಹಕ, ಗಿರಣಿಯ ಕೂಲಿಗಾರ. ಹತ್ತು ಲಕ್ಷದ ಸಂಬಳಗಾರನೂ ಈ ವಾದಕ್ಕೆ ಚಪ್ಪಾಳೆ ತಟ್ಟುವುದನ್ನು ಕಂಡಾಗ ನಮಗೆ ನಿಜವಾಗಿಯೂ ಆಶ್ಚರ್ಯವಾಗುತ್ತದೆ.

ಸಂಬಳಗಾರನ ದೂರಿಗೆ ಮದ್ದು ಬೇರೆಯೇ ಇದೆ. ವ್ಯವಸಾಯದ ವರಮಾನಕ್ಕೆ ಕೇಂದ್ರದ ವರಮಾನ ತೆರಿಗೆಯಿಲ್ಲ. 1886ರಿಂದ ಬಂದ ವಿನಾಯಿತಿ ಅದು, ಇಂದು ಸಂವಿಧಾನದಂತೆ ಆ ಅಧಿಕಾರ ರಾಜ್ಯಗಳದು. ಎರಡೆಕರೆಯ ಒಣಬೇಸಾಯದ ರೈತನಿಗೆ ಆ ವಿನಾಯಿತಿ ಬೇಕೇ ಬೇಕು. ಆದರೆ ನಗರದ ವ್ಯಾಪಾರದ ಹಣವನ್ನು ತೋಟದ ಆದಾಯವೆಂದು ತೋರಿಸುವ ದೊಡ್ಡ ಮನುಷ್ಯರಿಗೆ ಅದೇ ಕೊಡೆಯ ನೆರಳು ಏಕೆ? 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22ಕ್ಕೆ ಇಳಿಸಿದ ಮೇಲೆ ವ್ಯಕ್ತಿಗಳು ಕೊಡುವ ಒಟ್ಟು ತೆರಿಗೆ ಕಂಪನಿಗಳದನ್ನು ಮೀರಿ ನಡೆದಿದೆ. ಇದನ್ನು ಪ್ರಶ್ನಿಸಿದವರ ಪತ್ರ ನಮಗೆ ಒಂದೂ ಬರಲಿಲ್ಲ. ಅತಿ ದೊಡ್ಡ ಉತ್ತರಾಧಿಕಾರಗಳ ಮೇಲೆ ಮಿತವಾದ ತೆರಿಗೆ ಏಕೆ ಕೂಡದೆಂದೂ ಯಾರೂ ಕೇಳಲಿಲ್ಲ. ಸ್ವಾಮಿಗಳು ವರಮಾನ ತೆರಿಗೆ ಕಟ್ಟುವವರಲ್ಲ, ಅವರಿಗೇನು ಗೊತ್ತು ಎಂದು ಗೊಣಗುವವರು ಇದ್ದಾರೆಂದು ಬಲ್ಲೆವು. ಧರ್ಮಸಂಸ್ಥೆಗಳಿಗೆ ಆ ತೆರಿಗೆಯಿಂದ ವಿನಾಯಿತಿಯಿರುವುದು ನಿಜ. ಹಾಗೆ ನೋಡಿದರೆ ಮಠಕ್ಕೆ ಲಾಭವಿರುವುದು ಸುಮ್ಮನಿರುವುದರಲ್ಲಿಯೇ. ಆದರೆ ವಿದ್ಯಾರ್ಥಿನಿಲಯಕ್ಕೆ ಸಿಮೆಂಟು, ಮಂಚ, ಪಾತ್ರೆಗಳನ್ನು ಕೊಳ್ಳುವಾಗ ನಾವೂ ಮಾರಾಟ ತೆರಿಗೆ ತೆರುವವರೇ. ಅದರ ಬಿಸಿ ಯಾರಿಗೆ ಎಷ್ಟು ತಟ್ಟುತ್ತದೆಂಬುದನ್ನು ನಿಲಯದಲ್ಲಿ ಮಕ್ಕಳನ್ನು ಬಿಡಲು ಬರುವ ತಂದೆತಾಯಿಗಳ ಮುಖದಲ್ಲಿ ಕಾಣುತ್ತಿದ್ದೇವೆ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಲೆಕ್ಕಪತ್ರ ಬಲ್ಲವರೂ ಅರ್ಥಶಾಸ್ತ್ರ ಬೋಧಿಸುವವರೂ ಇದ್ದಾರೆ. ಅವರು ಈ ಲೇಖನಕ್ಕೆ ಉತ್ತರ ಬರೆದರೆ ಮುಂದಿನ ಸಂಚಿಕೆಯಲ್ಲಿ ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇವೆ. ನಿಬಂಧನೆ ಒಂದೇ: 22 ಲಕ್ಷ ಕೋಟಿಯನ್ನು ತುಂಬಲು ಅಕ್ಕಿಗೆಷ್ಟು, ಎಣ್ಣೆಗೆಷ್ಟು, ಔಷಧಿಗೆಷ್ಟು, ಬಾಡಿಗೆಗೆಷ್ಟು ದರವಾಗುತ್ತದೆಂಬ ಅಂಕಿಗಳು ಅದರಲ್ಲಿರಬೇಕು, ಮತ್ತು ಆ ಅಂಕಿಗಳು ಬೆಲೆಯ ಮೇಲಿನ ಅಂಕಿಗಳಾಗಿರಬೇಕು, ಅಮೇರಿಕೆಯವರ 23ರಂತಹವು ಕೂಡದು.